ಗಂಡನ ಬಿಲ್ಲೆ

ಗೋಡೆಗೆ ಕಿವಿ ಇರುವುದು ಹಳೇ ಮಾತು. ದಾವಣಗೆರೆಯ ಗೋಡೆಗಳಿಗೆ ಈಗ ಬಾಯಿಯೂ ಬಂದಿತ್ತು. ಹೊರಗೆ ಹೋಗುವವರೆಲ್ಲ ಹಾಕಲೇಬೇಕಿದ್ದ ಕೊರಳಿನ ಗುರುತಿನ ಬಿಲ್ಲೆ ನೋಡಿ, ಅದರ ಒಡೆಯರು ಫೋನಿನಲ್ಲಿ ಹುಡುಕಿದ್ದನ್ನೆಲ್ಲ ಜಾಹೀರಾತು ಮಾಡಿ ಕೂಗುತ್ತಿದ್ದವು. ಹಾಗಾಗಿ ಗಂಡ-ಹೆಂಡತಿ ಬಿಲ್ಲೆ ಅದಲುಬದಲು ಮಾಡಿಕೊಂಡೇ ಹೊಸ್ತಿಲು ದಾಟುತ್ತಿದ್ದರು. ಬೀದಿಯವರಿಗೆ ಗುಟ್ಟು ಯಾರದೆಂದು ತಿಳಿಯುತ್ತಿರಲಿಲ್ಲ.

ಪಂಕಜಾಕ್ಷಿ ಗಂಡ ಮೃತ್ಯುಂಜಯನ ಬಿಲ್ಲೆ ಹಾಕಿಕೊಂಡು ಸೊಪ್ಪಿಗೆ ಹೊರಟಿದ್ದಳು. ದಿನಾ ಬೈಕಿನ ಟೈರು, ಮಂಡಿನೋವಿನ ಎಣ್ಣೆ ಎಂದು ಕಿರುಚುತ್ತಿದ್ದ ಮೂಲೆಯ ಗೋಡೆ ಇವತ್ತು ಅವನ ಯೂಸರ್‌ನೇಮ್ ಹಿಡಿದು ಮೆತ್ತಗೆ ಕರೆಯಿತು.

"ಒಂಟಿಸಲಗ ಸಾರ್, ಒಬ್ಬರೇ ಇರೋಕೆ ರೂಮು ನೋಡಿದ್ರಲ್ಲ, ಇನ್ನೂ ಖಾಲಿ ಇದೆ."

ಅವಳು ಗಕ್ಕನೆ ನಿಂತಳು. ಮರುಕ್ಷಣವೇ ಇನ್ನೊಂದು ನೆನಪಾಗಿ ಕಾಲು ನಿಲ್ಲಲಿಲ್ಲ. ಮೊನ್ನೆ ಅವಳು ವಿಚ್ಛೇದನದ ವಕೀಲರನ್ನು ಹುಡುಕಿದ್ದಳು. ಅವಳ ಬಿಲ್ಲೆ ಈಗ ಮೃತ್ಯುಂಜಯನ ಕೊರಳಲ್ಲಿ, ಪೇಟೆಯ ಗೋಡೆಗಳ ಮುಂದೆ ಓಡಾಡುತ್ತಿತ್ತು! ಸೊಪ್ಪು ಮರೆತು ಮನೆಗೆ ಓಡಿದಳು.

ಅವನು ಆಗಲೇ ಬಂದು ಚಪ್ಪಲಿ ಬಿಡುತ್ತಿದ್ದ.

"ಏನಂತು ಗೋಡೆ?" ಎಂದ, ಬಿಲ್ಲೆ ಬಿಚ್ಚುತ್ತಾ.

"ಅದೇ, ಟೈರು. ನಿಮಗೇನಂತು?"

ಮೃತ್ಯುಂಜಯ ಬೇರೆಲ್ಲೋ ನೋಡಿದ. "ಸೀರೆ."

ಅವಳು ಫೋನಿನಲ್ಲಿ ಸೀರೆ ನೋಡಿ ವರ್ಷದ ಮೇಲಾಗಿತ್ತು.