ಚಿಪ್ಪಿನ ಮೇಲಿನ ಪಟ್ಟೆ

ಅಂಗೈಯಷ್ಟಿದ್ದಾಗ ಮನೆಗೆ ತಂದ ಆಮೆ ಈಗ ಎರಡು ಕೈಗೂ ಭಾರವಾಗಿತ್ತು. ಚೆನ್ನಾಗೇ ಇದೆಯಲ್ಲ, ಡಾಕ್ಟರು ಯಾಕೆ ಎಂದು ಗಂಡ ದಾರಿಯುದ್ದಕ್ಕೂ ಗೊಣಗಿದ್ದ.

"ಆರೋಗ್ಯವಾಗಿದೆ," ಎಂದರು ಡಾಕ್ಟರು. "ಆದ್ರೆ ಮರಿಯಾಗಿದ್ದಾಗ ಹೊಟ್ಟೆಗಿಲ್ದೆ ಸೊರಗಿದೆ. ಚಿಪ್ಪಿನ ಮೇಲೆ ವರ್ಷಕ್ಕೊಂದು ಪಟ್ಟೆ ಬೆಳೆಯುತ್ತೆ. ನೋಡಿ, ಎರಡನೇ ವರ್ಷದ್ದು ಮಾತ್ರ ದಾರದಷ್ಟಿದೆ."

ಗಂಡನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ಗಾಡಿ ಅಡ್ಡ ನಿಲ್ಸಿದೀನಿ, ಬೇಗ ನಡಿ," ಎಂದು ಆಮೆಗೆ ಕೈ ಹಾಕಿದ.

ಹೆಂಡತಿ ಬಿಡಲಿಲ್ಲ. ಆ ಸಣ್ಣ ಪಟ್ಟೆಯ ಮೇಲೆ ಬೆರಳಿಟ್ಟು ಕೇಳಿದಳು:

"ಇದು ನಾನು ಬಾಣಂತನಕ್ಕೆ ತವರಿಗೆ ಹೋಗಿದ್ದ ವರ್ಷ. 'ಮನೇಲೇ ಇದೀನಿ, ಆಮೆಗೆ ಸೊಪ್ಪು ಹಾಕ್ತಿದೀನಿ' ಅಂತ ದಿನಾ ಫೋನ್ ಮಾಡ್ತಿದ್ರಲ್ಲ, ಯಾರ ಮನೆಯಿಂದ?"