ಹೊಸ ಬ್ರೇಕು

ಅಕ್ಕನ ಗಾಲಿಕುರ್ಚಿಗೆಂದು ಮಿಥುನ ಒಂದು ಬ್ರೇಕು ವಿನ್ಯಾಸ ಮಾಡಿ, ಯಾರು ಬೇಕಾದರೂ ಮಾಡಿಸಿಕೊಳ್ಳಲಿ ಎಂದು ಅದರ ಕಂಪ್ಯೂಟರ್ ನಕ್ಷೆಯ ಕ್ಯಾಡ್ ಫೈಲನ್ನು ನೆಟ್‌ನಲ್ಲಿ ಪುಕ್ಕಟೆ ಇಟ್ಟಿದ್ದ. ಗೆಳೆಯನೊಬ್ಬ ಅದನ್ನೇ ತನ್ನದೆಂದು ತೋರಿಸಿ ಪ್ರಶಸ್ತಿ ಹೊಡೆದುಕೊಂಡ.

“ಫಸ್ಟ್ ಹಾಫ್ ನಿಂದು ಮಗಾ, ಕ್ಲೈಮ್ಯಾಕ್ಸ್ ನಂದು!” ಎಂದು ಹಲ್ಲು ಕಡಿದ ಮಿಥುನ, ಆ ಫೈಲಿನಲ್ಲಿ ಬ್ರೇಕಿನ ಕೊಂಡಿಯನ್ನು ಒಳಗೊಳಗೇ ತೆಳುವಾಗಿಸಿ, ‘ಹೊಸದು, ಇನ್ನೂ ಗಟ್ಟಿ’ ಎಂದು ಬರೆದು ಅದೇ ಜಾಗಕ್ಕೆ ಏರಿಸಿದ. ಪ್ರಶಸ್ತಿ ಗೆದ್ದವರ ಪ್ರದರ್ಶನಕ್ಕೆ ಕಳ್ಳ ಇದನ್ನೇ ಇಳಿಸಿಕೊಂಡು ವೇದಿಕೆಯ ಮೇಲೆ ಮಾನ ಕಳೆದುಕೊಳ್ಳಬೇಕು ಎಂಬುದು ಅವನ ಲೆಕ್ಕ.

ಪ್ರದರ್ಶನದ ದಿನ ಕಳ್ಳನದೇ ಫೋನು ಬಂತು.

“ಏನ್ ಹೀರೋ, ಬ್ರೇಕ್ ಪಟ್ ಅಂತ ಮುರೀತಾ?” ಎಂದ ಮಿಥುನ.

“ನಂದು ಹಳೇದೇ ಕಣೋ, ಗಟ್ಟಿಯಾಗೇ ನಿಲ್ತು. ನೀನು ಬೇಗ ಆಸ್ಪತ್ರೆಗೆ ಬಾ. ಪ್ರದರ್ಶನ ನೋಡೋಕೆ ಬಂದಿದ್ದ ನಿಮ್ಮಕ್ಕ ನೆಟ್‌ನಿಂದ ನಿನ್ನ ಹೊಸ ಬ್ರೇಕ್ ಇಳಿಸಿ ಹಾಕಿಸ್ಕೊಂಡಿದ್ರು, ಇಳಿಜಾರಲ್ಲಿ ಹಿಡೀಲಿಲ್ಲ.”