ವಾಸಪ್ಪನ ಕೌರವ

ಭಾದ್ರಪದದ ಕಳೆ ಕೀಳುವ ಕೆಲಸ ಮುಗಿಸಿದ ಜನ ಸಂಜೆಗೇ ನಿಟ್ಟೂರಿನ ಶಾಲೆಯನ್ನು ತುಂಬಿಬಿಟ್ಟಿದ್ದರು. ಕೂತಲ್ಲೇ ಮಾತಿನಲ್ಲಿ ಆಡುವ ತಾಳಮದ್ದಳೆಯಲ್ಲಿ ಕೌರವನಾಗಿ ಅರ್ಥ ಹೇಳುವವನು ವಾಸಪ್ಪ ಎಂಬುದೇ ಅದಕ್ಕೆ ಕಾರಣ. ಎದುರು ಕೂತವರ ಮನೆಯ ವಿಷಯ ಎತ್ತಿ ಮಾನ ಕಳೆಯುವವನು. ಮಂಡಗದ್ದೆಯಲ್ಲಿ ಒಬ್ಬರನ್ನು ಅಳಿಸಿಯೇ ಕಳಿಸಿದ್ದ. ಗೊತ್ತಿದ್ದೂ ಅವನನ್ನು ಕರೆಸಿದವರು ಕೂಟ ಏರ್ಪಡಿಸಿದ ರಾಮಚಂದ್ರಪ್ಪ. ಮೊದಲ ಸಲ ವಿದುರನಾಗಿ ಕೂತ ಕೆರಿಯಪ್ಪನಿಗೆ, "ಅವ್ನು ಹದ್ದು ಮೀರಿದ್ರೆ ಭಾಗವತರು ಮುಂದಿನ ಪದ ಹಾಡಿ ಬಾಯಿ ಮುಚ್ಚಿಸ್ತಾರೆ ಮಾರಾಯ" ಎಂದು ಮಾತು ಕೊಟ್ಟಿದ್ದರು.

"ಏನಯ್ಯಾ ವಿದುರ," ವಾಸಪ್ಪ ಮೀಸೆ ತಿರುವಿದ, "ನಿನ್ನ ಮನೇಲಿ ಹೆಂಡ್ತಿದೇ ಯಜಮಾನಿಕೆಯಂತೆ? ಒಲೆ ಹಚ್ಚೋನು ನೀನಂತೆ?"

ಅದು ಕೆರಿಯಪ್ಪನ ಮನೆಯ ಮಾತೆಂದು ಊರಿಗೆಲ್ಲ ಗೊತ್ತು. ಅವನ ಹೆಂಡತಿ ಜಲಜಮ್ಮ ತಲೆ ತಗ್ಗಿಸಿದಳು. ರಾಮಚಂದ್ರಪ್ಪ ಗಾಬರಿಯಿಂದ ಸನ್ನೆ ಮಾಡಿದರು. ಭಾಗವತರು ತಾಳ ಎತ್ತಿದರು. ಕೆರಿಯಪ್ಪ ಅವರ ಕೈ ಹಿಡಿದು ನಿಲ್ಲಿಸಿದ.

"ಹೌದು ಕೌರವೇಶ್ವರಾ, ಯಜಮಾನಿಕೆ ಅವಳದೇ. ಒಲೆ ಹಚ್ಚೋನೂ ನಾನೇ. ಅದಕ್ಕೇ ಅಲ್ವಾ ಶ್ರೀಕೃಷ್ಣ ನಿನ್ನ ಅರಮನೆಯ ಔತಣ ಬಿಟ್ಟು ನಮ್ಮನೇಲಿ ಉಂಡದ್ದು!"

ಶಾಲೆಯ ಹೆಂಚು ಹಾರುವಂತೆ ಜನ ನಕ್ಕರು. ವಾಸಪ್ಪ ತಾನೂ ಹೊಟ್ಟೆ ಹಿಡಿದು ನಗುತ್ತ, "ಸೋತೆ ಮಾರಾಯ. ನಾಳೆ ನಂಗೂ ಅಲ್ಲೇ ಊಟ" ಎಂದ.

"ಬರ್ಲಿ," ಹೆಂಗಸರ ನಡುವಿಂದ ಜಲಜಮ್ಮ ಕೂಗಿದಳು, "ಬಂದು ಕಾಯಿ ತುರೀಲಿ!"